ಗಂಗವ್ವ ಸಾಗಿಸಿದ ಹಂಚು

ನಾನು ಬಾಯಿ ತೆರೆದರೆ ಸಾಕು, ಗಂಗವ್ವ ನಡುವೆ ಬಾಯಿ ಹಾಕುತ್ತಾಳೆ. ಆಶಾ ಕಾರ್ಯಕರ್ತೆಯ ಕೆಲಸದ ಮೇಲೆ ತಿರ್ಲಾಪುರದ ಅವಳ ಮನೆಗೆ ಹೋಗಿದ್ದೆ. ಸೊಸೆಗೆ ಟಿಬಿ, ಎದ್ದು ನಿಂತರೆ ತಲೆ ಸುತ್ತುವಷ್ಟು ರಕ್ತ ಕಡಿಮೆ. ಯಾಕೆ ಹೀಗೆಂದು ಗಂಗವ್ವನೇ ಕೇಳಿದಳು. ನಾನು ಬಿಡಿಸಿ ಹೇಳತೊಡಗಿದೆ:

"ಟಿಬಿ ಜಂತು ನಮ್ಮ ಜೀವಕೋಶದಾಗ ಕುಂತು ಕಬ್ಬಿಣ ತಿಂತಾವರಿ. ಮೈಯಾಗಿನ ಕಾವಲಿನವರು ಸುದ್ದಿ ಮುಟ್ಟಿಸಿದ ಕೂಡ್ಲೇ ಮೈ ಕಬ್ಬಿಣ ಬಚ್ಚಿಡತೈತಿ..."

ಅಷ್ಟಕ್ಕೇ ಎದ್ದ ಗಂಗವ್ವ ಒಲೆಯ ಮೇಲಿನ ಕಬ್ಬಿಣದ ಹಂಚನ್ನು ಅರೆಬೆಂದ ರೊಟ್ಟಿಯ ಸಮೇತ ಬಾಜು ಮನೆಗೆ ಸಾಗಿಸಿಬಂದಳು.

"ಹಂಚಲ್ಲರಿ ಆಯೀ, ರಕ್ತದಾಗಿನ ಕಬ್ಬಿಣ!" ಎನ್ನುತ್ತ ಡಾಕ್ಟರು ಬರೆದ ಕಬ್ಬಿಣದ ಗುಳಿಗೆಯನ್ನು ಸೊಸೆಯ ಕೈಗಿಟ್ಟೆ. ಗಂಗವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದಳು:

"ಅಲ್ಲ ತಂಗಿ, ಇದನ್ನ ನುಂಗಿದ್ರ ಮೊದಲನೇ ಪಂಕ್ತಿಗೆ ಕುಂದ್ರವ್ರು ಯಾರು, ನನ್ನ ಸೊಸಿನೋ, ಆ ಜಂತುನೋ?"