ಮೂರು ಸೆಂಟಿಮೀಟರ್ ಆವೇಶ

ಕುಮಟೆಯ ಹೈಸ್ಕೂಲೊಂದರಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿದೆ. ಅಷ್ಟೂ ವರ್ಷ ವಿದ್ಯುತ್ತಿನ ಪಾಠದಲ್ಲಿ ಕಪ್ಪುಹಲಗೆಯ ಮೇಲೆ ‘ಚಾರ್ಜ್’ ಎಂದೇ ಬರೆದೆ. ಪುಸ್ತಕದಲ್ಲಿದ್ದ ‘ಆವೇಶ’ ಎಂಬ ಶಬ್ದವನ್ನು ಒಮ್ಮೆಯೂ ಬರೆಯಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಕರೆದು, ಕನ್ನಡದ ಮೇಲೆ ನಿಮಗೇನು ಸಿಟ್ಟು ಎಂದು ಕೇಳಿದರು. ಸಿಟ್ಟು ಕನ್ನಡದ ಮೇಲಲ್ಲ, ನನ್ನ ಮೇಲೆ. ಅದನ್ನು ಅವರಿಗೆ ವಿವರಿಸುವ ಉಸಾಬರಿಗೆ ನಾನು ಹೋಗಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೊನ್ನಾವರದಲ್ಲಿ ಎಂಟನೇ ಇಯತ್ತೆ. ಮಂಕಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಆ ಮಳೆಗಾಲದಲ್ಲಿ ತವರಿಗೆ ಬಂದಳು. ಬಂದಳು ಎನ್ನುವುದಕ್ಕಿಂತ ತಂದುಬಿಟ್ಟರು. ಅವಳಿಗೆ ಹುಟ್ಟಿದ ಮಗು ಮೂರನೇ ದಿನಕ್ಕೆ ತೀರಿಕೊಂಡಿತ್ತು. ತಿಂಗಳು ಕಳೆದ ಮೇಲೆ ಅವಳತ್ತೆ ಏನೋ ಅಂದರಂತೆ, ಅಕ್ಕ ತುಂಬಿದ ಕೊಡವನ್ನು ಅಂಗಳಕ್ಕೆ ಎಸೆದು ಕೂಗಾಡಿದಳಂತೆ. ಅಷ್ಟಕ್ಕೇ ಅವಳ ಮೈಮೇಲೆ ಆವೇಶ ಬರುತ್ತದೆ ಎಂದು ಊರೆಲ್ಲ ಸುದ್ದಿ. ಮಂತ್ರ ಹಾಕುವವನೊಬ್ಬ ತೋಳಿಗೆ ದಾರ ಕಟ್ಟಿ, ಆರು ತಿಂಗಳು ತಲೆಗೆ ಎಣ್ಣೆ ಮುಟ್ಟಿಸಕೂಡದು ಎಂದು ಅಪ್ಪಣೆ ಮಾಡಿ ಹೋದ. ಆವೇಶ ಇಳಿದದ್ದು ಖಾತ್ರಿಯಾದರೆ ಮಾತ್ರ ಕರೆದುಕೊಂಡು ಹೋಗುತ್ತೇವೆ ಎಂದು ಮಂಕಿಯವರು ಹೇಳಿಬಿಟ್ಟಿದ್ದರು. ಅಕ್ಕನಿಗೋ ಹೋಗಬೇಕೆಂದೇ ಇತ್ತು. ಭಾವ ಒಳ್ಳೆಯವನು, ತನ್ನ ಅಪ್ಪನ ಎದುರು ಬಾಯಿಲ್ಲದವನು ಅಷ್ಟೇ. ಟಪ್ಪಾಲಿನವನು ಕಾಗದ ತರುವ ಹೊತ್ತಿಗೆ ಅವಳು ದಿನವೂ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಶಾಲೆಯಲ್ಲಿ, ಧಾರವಾಡದ ಕಡೆಯಿಂದ ಬಂದಿದ್ದ ನಮ್ಮ ವಿಜ್ಞಾನದ ಮಾಸ್ತರರು ಮಳೆಗಾಲದಲ್ಲೇ ಒಂದು ಪ್ರಯೋಗ ಮಾಡಲು ಹೋಗಿ ಸೋತಿದ್ದರು. ನಮ್ಮ ತೇವದ ಗಾಳಿಯಲ್ಲಿ ಗಾಜಿನ ಕಡ್ಡಿಯನ್ನು ಎಷ್ಟು ಉಜ್ಜಿದರೂ ಬೆಂಡಿನ ಗುಂಡುಗಳು ಅಲುಗಲಿಲ್ಲ. ಚಳಿಗಾಲದಲ್ಲಿ ಮೂಡಗಾಳಿ ಬೀಸಿ ತುಟಿ ಒಡೆಯತೊಡಗಿದ ಮೇಲೆ ಪುನಃ ಮಾಡಿದರು. ರೇಷ್ಮೆ ಎಳೆಯಲ್ಲಿ ಒಟ್ಟಿಗೆ ಇಳಿಬಿಟ್ಟ ಎರಡು ಗುಂಡುಗಳಿಗೆ ಉಜ್ಜಿದ ಕಡ್ಡಿ ತಾಗಿಸಿದಾಗ ಅವು ಒಂದನ್ನೊಂದು ದೂಡಿಕೊಂಡು ಬೇರೆಯಾಗಿ ನಿಂತವು.

“ದೂರ ಹೆಚ್ಚಾದಷ್ಟೂ ಆವೇಶ ಹೆಚ್ಚು. ಸ್ಕೇಲ್ ಹಿಡಿದು ಅಳೀರಿ,” ಎಂದರು ಮಾಸ್ತರರು. ಆಮೇಲೆ ಬೆರಳು ಮುಟ್ಟಿಸಿದರು, ಗುಂಡುಗಳು ಕೂಡಿಕೊಂಡವು. “ಆವೇಶ ಭೂಮಿಗೆ ಇಳೀತು, ನೋಡ್ರಿ.”

ಹಾಗಾದರೆ ಆವೇಶವನ್ನು ಅಳೆಯಲೂ ಬರುತ್ತದೆ, ಇಳಿಸಲೂ ಬರುತ್ತದೆ! ಇಷ್ಟು ಸುಲಭದ ಸಂಗತಿಗೆ ಮಂತ್ರದವನೇಕೆ, ದಾರವೇಕೆ?

ಮದುವೆಯಲ್ಲಿ ಅಕ್ಕನ ಹಣೆಗೆ ಕಟ್ಟಿದ್ದ ಬೆಂಡಿನ ಬಾಸಿಂಗ ದೇವರ ಕೋಣೆಯ ಗೂಟದಲ್ಲಿ ತೂಗುತ್ತಿತ್ತು. ಅದರ ಹಿಂಬದಿಯಿಂದ ಎರಡು ತುಂಡು ಕಿತ್ತು ಗುಂಡು ಮಾಡಿ, ರೇಷ್ಮೆ ಎಳೆಯಲ್ಲಿ ಇಳಿಬಿಟ್ಟೆ. ಕಡ್ಡಿಯ ಬದಲು ಪ್ಲಾಸ್ಟಿಕ್ ಬಾಚಣಿಗೆ. ಮೊದಲು ನನ್ನ ಜಡೆ ಬಿಚ್ಚಿ ಬಾಚಿ ತಾಗಿಸಿದೆ, ಗುಂಡುಗಳು ಅಲುಗಲಿಲ್ಲ. ಆಯಿಯ, ಅಂದರೆ ಅಮ್ಮನ, ತಲೆ ಬಾಚಿದೆ, ಇಲ್ಲ. ಬಾಚಣಿಗೆ ಒರೆಸಿ ಅಕ್ಕನ ತಲೆ ಬಾಚಿದೆ. ಚಟಚಟ ಸದ್ದಾಯಿತು. ತಾಗಿಸಿದ್ದೇ ಗುಂಡುಗಳು ದೂರ ಹಾರಿ ನಿಂತವು. ಮೂರು ಸೆಂಟಿಮೀಟರ್. ಮೂರು ಸಲ ಅಳೆದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಸರಿಯಾದ ಸಮಯ ಬರಲಿ ಎಂದು ಜಂಬದಿಂದ ಕಾದೆ.

ಆ ವಾರವೇ ಅಕ್ಕನ ಮಾವ ಲಾಂಚಿನಲ್ಲಿ ಹೊಳೆ ದಾಟಿ ಬಂದರು. ಚಾ ಕುಡಿದು ಲೋಟ ಕೆಳಗಿಟ್ಟು, ಅಕ್ಕನ ಬಗ್ಗೆ ಅಪ್ಪನನ್ನು ನೇರವಾಗಿ ಕೇಳಿದರು: “ಕೂಸಿಗೆ ಈಗ ಆವೇಶ ಇದ್ದೋ, ಇಲ್ಯೋ?”

“ಇಲ್ಲೆ. ಎಂತದೂ ಇಲ್ಲೆ,” ಎಂದ ಅಪ್ಪ.

ಅಕ್ಕ ಒಳಗೆ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ನಾನು ನೋಟುಬುಕ್ಕು ಹಿಡಿದು ಜಗಲಿಗೆ ಬಂದೆ.

“ಇದ್ದು. ಮೂರು ಸೆಂಟಿಮೀಟರ್ ಇದ್ದು.”

ನನ್ನದಾಗಲಿ, ಆಯಿಯದಾಗಲಿ ಸೊನ್ನೆ, ಅಕ್ಕನದು ಮಾತ್ರ ಮೂರು ಎಂದು ತೋರಿಸಿದೆ. ಮಾವ ನಂಬಲಿಲ್ಲವೆಂದು ಪಠ್ಯಪುಸ್ತಕವನ್ನೇ ತಂದುಕೊಟ್ಟೆ. ಅವರು ಕನ್ನಡಕ ಏರಿಸಿ, ಅಚ್ಚಾದ ಆ ಶಬ್ದದ ಮೇಲೆ ಬೆರಳಿಟ್ಟು ಓದಿದರು.

“ಸರಕಾರದ ಪುಸ್ತಕದಲ್ಲೇ ಇದ್ದು,” ಎಂದು ಎದ್ದರು.

ಬೆರಳು ಮುಟ್ಟಿಸಿದರೆ ಇಳಿಯುತ್ತದೆ ಎನ್ನುವ ಮಾತಿನ್ನೂ ನನ್ನ ಬಾಯಲ್ಲೇ ಇತ್ತು. ಅವರು ಚಪ್ಪಲಿ ಮೆಟ್ಟಿ ಅಂಗಳ ದಾಟಿಯಾಗಿತ್ತು. ಅಪ್ಪ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಒಳಗೆ ಅಕ್ಕ ಟ್ರಂಕಿನ ಮುಚ್ಚಳ ಹಿಡಿದುಕೊಂಡು ಕೂತೇ ಇದ್ದಳು. ಮಂಕಿಯಿಂದ ಆಮೇಲೆ ಒಂದು ಕಾಗದವೂ ಬರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಅಂಟುವಾಳ ತಿಕ್ಕಿ ತಲೆ ಮಿಂದು, ಬಿಸಿಲಲ್ಲಿ ಕೂದಲು ಒಣಗಿಸಿ, ಎಣ್ಣೆ ಹಚ್ಚುವ ಮೊದಲು ಬಾಚಿಕೊಳ್ಳುತ್ತಿದ್ದೆ. ಚಟಚಟ ಎಂದಿತು. ಗುಂಡುಗಳನ್ನು ಹುಡುಕಿ ತಂದು ಬಾಚಣಿಗೆ ತಾಗಿಸಿದೆ. ನಾಲ್ಕು ಸೆಂಟಿಮೀಟರ್. ಅಕ್ಕನಿಗಿಂತ ಒಂದು ಜಾಸ್ತಿ.

ಎಣ್ಣೆ! ನನಗೂ ಆಯಿಗೂ ತಲೆ ತುಂಬ ತೆಂಗಿನೆಣ್ಣೆ, ಅಕ್ಕನ ತಲೆಗೆ ಹನಿಯೂ ಇಲ್ಲ. ನಾನು ಅಳೆದದ್ದು ಒಣ ಕೂದಲನ್ನಷ್ಟೇ. ಅಳುತ್ತ ಹಿತ್ತಿಲಿಗೆ ಓಡಿ ಅಕ್ಕನಿಗೆ ಎಲ್ಲ ಹೇಳಿದೆ. ಅಪ್ಪನ ಜೊತೆ ಈಗಲೇ ಮಂಕಿಗೆ ಹೋಗುತ್ತೇನೆ, ಮಾವನ ಎದುರೇ ನನ್ನ ತಲೆ ಬಾಚಿ ತೋರಿಸುತ್ತೇನೆ, ನನಗೂ ಆವೇಶ ಇದೆ ಎಂದು ಹೇಳುತ್ತೇನೆ ಎಂದೆ.

ಅಕ್ಕ ಬಾಚಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಒಳಗಿನಿಂದ ಎಣ್ಣೆಯ ಬಟ್ಟಲು ತಂದು, ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಬುಡದಿಂದ ತುದಿಯವರೆಗೆ ಎಣ್ಣೆ ಹಚ್ಚಿದಳು. ಹಣೆಯ ಮೇಲೆ ಇಳಿಯುವಷ್ಟು ಹಚ್ಚಿದಳು. ಆಮೇಲೆ ಬಿಗಿಯಾಗಿ ಜಡೆ ಹೆಣೆದು, ಎಣ್ಣೆಗೈಯನ್ನು ತನ್ನ ತಲೆಗೆ ತಾಗದ ಹಾಗೆ ಸೆರಗಿಗೆ ಒರೆಸಿಕೊಂಡಳು.

“ಯಾರ ಹತ್ರವೂ ಹೇಳಡ,” ಎಂದಳು. “ನಿಂಗೂ ಮದುವೆ ಆಗಬೇಕು.”