ಊರಿನ ಪುಸ್ತಕದಿಂದ ನಾನು ಅಳಿಸಿದ ಪುಟ

2001ರಲ್ಲಿ ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿದ್ದು ನನ್ನ ಗಂಡನಿಗೆ. ನನಗೆ ಸಿಕ್ಕಿದ್ದು ಅವರ ಜೊತೆಯಲ್ಲಿರುವ ಅನುಮತಿ ಮಾತ್ರ. ಕೆಲಸ ಮಾಡುವಂತಿಲ್ಲ ಎಂದು ಪಾಸ್‌ಪೋರ್ಟಿನಲ್ಲೇ ಮೊಹರು ಒತ್ತಿದ್ದರು. ಬೆಂಗಳೂರಿನಲ್ಲಿ ಮೂರು ವರ್ಷ ಪ್ರೋಗ್ರಾಮಿಂಗ್ ಮಾಡಿದವಳು ನಾನು. ಹ್ಯಾನೋವರ್‌ನಿಂದ ಅರ್ಧ ಗಂಟೆ ದೂರದ ಆ ಹಳ್ಳಿಯಲ್ಲಿ ಬೆಳಿಗ್ಗೆ ಮಗಳನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ಬಂದರೆ ಮಧ್ಯಾಹ್ನದವರೆಗೆ ಕಿಟಕಿಯಾಚೆ ಬೀಟ್‌ರೂಟ್ ಹೊಲ ನೋಡುವುದೇ ಕೆಲಸ.

ಕೆಳಗಿನ ಮನೆಯಲ್ಲಿ ಮಾಲೀಕರಿದ್ದರು. ಎಪ್ಪತ್ತರ ಹತ್ತಿರದವರು, ಒಂಟಿ. ನಲವತ್ತು ವರ್ಷ ಊರಿನ ಚರ್ಚಿನ ಗಂಟೆ ಬಾರಿಸಿ, ಬೀಗದ ಕೈ ಕಾದವರು. ನನ್ನ ಮಗಳು ಅವರನ್ನು ಓಪಾ ಎನ್ನುತ್ತಿದ್ದಳು, ನಾನು ಮನಸ್ಸಿನಲ್ಲೇ ಅಜ್ಜ ಎನ್ನುತ್ತಿದ್ದೆ. ಅವರ ಕಣ್ಣಿನ ನಡುಭಾಗ ಸತ್ತುಹೋಗಿತ್ತು. ಎದುರಿಗಿದ್ದವರನ್ನು ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಓರೆ ಮಾಡುತ್ತಿದ್ದರು.

ಚರ್ಚಿನ ವಾರ್ಷಿಕೋತ್ಸವಕ್ಕೆ ಊರಿನ ಚರಿತ್ರೆಯ ಪುಸ್ತಕ ಬರೆಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಒಪ್ಪಿಕೊಂಡಾಗ ಕಣ್ಣು ಇಷ್ಟು ಕೆಟ್ಟಿರಲಿಲ್ಲವಂತೆ. ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು, "ನಿಮಗೆ ಕಂಪ್ಯೂಟರ್ ಬರುತ್ತಲ್ಲ?"

ಹಾಗೆ ಶುರುವಾಯಿತು. ಹಳೆಯ ದಾಖಲೆ ಪುಸ್ತಕಗಳು ಈಗಿನ ಜರ್ಮನ್ನರೇ ಓದಲಾರದ ಚೂಪು ಚೂಪು ಲಿಪಿಯಲ್ಲಿದ್ದವು. ಅಜ್ಜ ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ದಪ್ಪಗೆ ಬರೆದು ಆ ಅಕ್ಷರಗಳನ್ನು ನನಗೆ ಕಲಿಸಿದರು. ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತ ನನ್ನ ಜರ್ಮನ್ ಅಷ್ಟಕ್ಕಷ್ಟೆ. ನಾನು ಒಂದೊಂದೇ ಅಕ್ಷರ ಓದುತ್ತಿದ್ದೆ, ಅವರು ಪದ ಕೂಡಿಸುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಮೂವತ್ತು ವರ್ಷದ ಯುದ್ಧದಲ್ಲಿ ಊರಿನವರು ದನಗಳನ್ನೂ ಹೊಡೆದುಕೊಂಡು ಬಂದು ಚರ್ಚಿನ ಗೋಪುರದಲ್ಲಿ ಅಡಗಿದ್ದು, ಪ್ಲೇಗಿನ ವರ್ಷ ಹೂಳಲು ಜನವೇ ಉಳಿಯದಿದ್ದದ್ದು, ಮೊದಲ ಮಹಾಯುದ್ಧದಲ್ಲಿ ಫಿರಂಗಿಗೆಂದು ದೊಡ್ಡ ಗಂಟೆಯನ್ನು ಇಳಿಸಿ ಒಯ್ದದ್ದು. ನನ್ನ ಬಾಯಿಂದ ಬಿಡಿಬಿಡಿಯಾಗಿ ಹೊರಟ ಅಕ್ಷರಗಳು ಅವರ ಬಾಯಲ್ಲಿ ಕಥೆಯಾಗುತ್ತಿದ್ದವು. ಜರ್ಮನಿಯಲ್ಲಿ ನನಗೆ ಹಿಡಿಸಿದ ಮೊದಲ ಕೆಲಸ ಅದು.

ನವೆಂಬರಿನಲ್ಲಿ ಎರಡನೇ ಮಹಾಯುದ್ಧದ ಮರಣ ದಾಖಲೆಗೆ ಬಂದೆವು. ಒಂದು ಪುಟದಲ್ಲಿ ಕುಲನಾಮಗಳು ಬದಲಾದವು. ಜರ್ಮನ್ ಅಲ್ಲದ, ನಾಲಿಗೆ ತೊಡರುವ ಹೆಸರುಗಳು. ವಯಸ್ಸಿನ ಕಾಲಮಿನಲ್ಲಿ ಆರು ವಾರ. ಕೆಳಗೆ ಒಂಬತ್ತು ದಿನ. ಅದರ ಕೆಳಗೆ ಎರಡು ತಿಂಗಳು. ಕಾರಣದ ಕಾಲಮಿನಲ್ಲಿ ಒಂದೇ ಉದ್ದ ಪದ, ಪುಟದ ತುದಿಯವರೆಗೂ.

"ಎಲ್, ಇ, ಬಿ, ಇ, ಎನ್..." ಎಂದು ಓದತೊಡಗಿದೆ.

"ಲೇಬೆನ್ಸ್‌ಶ್ವೇಖೆ," ಎಂದರು ಅಜ್ಜ, ನಾನು ಮುಗಿಸುವ ಮೊದಲೇ. "ಬದುಕುವ ಶಕ್ತಿ ಇಲ್ಲದ್ದು."

ಎಲ್ಲ ಕೂಸುಗಳ ವಿಳಾಸವೂ ಒಂದೇ: ಇಟ್ಟಿಗೆ ಭಟ್ಟಿಯ ಶೆಡ್ಡು. ಅದೇನೆಂದು ಕೇಳಿದೆ. ಪೋಲೆಂಡ್, ಉಕ್ರೇನ್‌ಗಳಿಂದ ಹೊಲದ ಕೆಲಸಕ್ಕೆ ಬಲವಂತವಾಗಿ ಹಿಡಿದು ತಂದ ಹೆಂಗಸರಿಗೆ ಹುಟ್ಟಿದವು, ಎಂದರು. ತಾಯಂದಿರ ಕೆಲಸ ಕೆಡಬಾರದೆಂದು ಕೂಸುಗಳನ್ನು ಕಿತ್ತು ಆ ಶೆಡ್ಡಿನಲ್ಲಿ ಇಡುತ್ತಿದ್ದರು. ನೋಡಿಕೊಳ್ಳಲು ಊರಿನ ಒಬ್ಬಳನ್ನು ನೇಮಿಸಿದ್ದರು.

"ನನ್ನ ಅಮ್ಮನನ್ನು," ಎಂದರು.

ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಕೂಸುಗಳಿಗೆ ಅಂತ ದಿನಾ ಸ್ವಲ್ಪ ಹಾಲು ಬರುತ್ತಿತ್ತು. ಅಮ್ಮ ಅರ್ಧ ಮನೆಗೆ ತರುತ್ತಿದ್ದಳು. ನನಗೆ ಆಗ ಒಂಬತ್ತು ವರ್ಷ. ಎಲ್ಲಿಯ ಹಾಲು ಅಂತ ಗೊತ್ತಿತ್ತು. ಕುಡಿಯುತ್ತಿದ್ದೆ." ಕತ್ತು ಓರೆ ಮಾಡಿ ನನ್ನನ್ನು ಹುಡುಕಿದರು. "ಮುಂದೆ ಓದಿ."

ಆ ದಿನ ಎಲ್ಲ ಹೆಸರುಗಳನ್ನೂ ಓದಿದೆ. ಮರುದಿನ ಅವರು ಹಾಲಿನ ವಿಷಯವನ್ನೂ ಸೇರಿಸಿ ಒಂದು ಅಧ್ಯಾಯ ಹೇಳಿ ಬರೆಸಿದರು. ಎಲ್ಲೂ ತಡವರಿಸಲಿಲ್ಲ. ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಬರೆದು ಇಟ್ಟುಕೊಂಡವರ ಹಾಗೆ ಹೇಳಿದರು.

ಪುಸ್ತಕ ಸಮಿತಿಗೆ ಫ್ಲಾಪಿ ಹೋದ ವಾರದಲ್ಲೇ ಸಮಿತಿಯ ಅಧ್ಯಕ್ಷೆ ನಮ್ಮ ಮನೆಗೆ ಬಂದರು. ಊರಿನ ದೊಡ್ಡ ಹೊಲದವರು. ಅಜ್ಜ ಕಣ್ಣಿನ ಆಸ್ಪತ್ರೆಗೆ ಹೋಗಿದ್ದ ಹೊತ್ತು. ನಾನು ಮಾಡಿದ ಚಹಾ ಹೊಗಳಿದರು, ನನ್ನ ಜರ್ಮನ್ ಹೊಗಳಿದರು. ಆಮೇಲೆ ಫ್ಲಾಪಿಯನ್ನು ಮೇಜಿನ ಮೇಲಿಟ್ಟರು.

"ಇದು ಹಬ್ಬದ ಪುಸ್ತಕ. ಆ ಅಧ್ಯಾಯದ ಜಾಗದಲ್ಲಿ ಒಂದು ಸಾಲು ಸಾಕು. ಯುದ್ಧಕಾಲ ನಮ್ಮ ಊರಿಗೂ ನೋವು ತಂದಿತು, ಅಂತ."

"ಅವರನ್ನು ಕೇಳಬೇಕು," ಎಂದೆ.

"ಪಾಪ, ಅವರಿಗೆ ವಯಸ್ಸಾಯಿತು." ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತಾ ಕೇಳಿದರು, "ಮುಂದಿನ ವರ್ಷಕ್ಕೂ ಮಗಳಿಗೆ ನಮ್ಮ ಕಿಂಡರ್‌ಗಾರ್ಟನ್ನಿನಲ್ಲೇ ಜಾಗ ಬೇಕಲ್ಲವೇ?"

ಕಿಂಡರ್‌ಗಾರ್ಟನ್ ಚರ್ಚಿನದು. ಅವರು ಬೆದರಿಸಿದರೋ, ಸುಮ್ಮನೆ ಕೇಳಿದರೋ, ಇವತ್ತಿಗೂ ನನಗೆ ತಿಳಿಯದು.

ಸಂಜೆ ಗಂಡನಿಗೆ ಹೇಳಿದೆ. ಧಾರವಾಡದವರು, ದನಿ ಏರಿಸುವವರಲ್ಲ. "ತಗದಬಿಡು," ಎಂದರು. "ಅವ್ರ ಊರು, ಅವ್ರ ಚರ್ಚು. ನಮ್ದು ಐದ ವರ್ಷದ ಪರ್ಮಿಟ್ಟು. ನಡುವ ನೀ ಯಾಕ ಸಿಕ್ಕೋತಿ?"

"ಅಜ್ಜ ಹೇಳಿ ಬರೆಸಿದ್ದು ರೀ ಅದು."

"ಅವರಿಗೆ ಓದಾಕ ಎಲ್ಲಿ ಬರ್ತದ ಈಗ?"

ಆ ಮಾತು ಕೇಳಿ ನನಗೆ ಅಸಹ್ಯವಾಯಿತು. ಆದರೂ ಮರುದಿನ ಬೆಳಿಗ್ಗೆ ಮಗಳನ್ನು ಬಿಟ್ಟು ಬಂದು, ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಗುರುತು ಮಾಡಿ ಅಳಿಸಿದೆ. ಆ ಜಾಗದಲ್ಲಿ ಒಂದು ಸಾಲು ಟೈಪ್ ಮಾಡಿದೆ. ಅಚ್ಚಿಗೆ ಹೋಯಿತು.

ಪುಸ್ತಕ ಬಂದ ದಿನ ಅಜ್ಜ ಕೆಳಗೆ ಕರೆದರು. ಹೊದಿಕೆಯನ್ನು ಅಂಗೈಯಿಂದ ಸವರುತ್ತಿದ್ದರು. "ಭಟ್ಟಿಯ ಅಧ್ಯಾಯ ಓದಿ," ಎಂದರು. ನೆನಪಿನಿಂದ ಹೇಳಿಬಿಡಬಹುದಿತ್ತು. ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಪುಟದಲ್ಲಿದ್ದ ಒಂದು ಸಾಲು ಓದಿ ನಿಲ್ಲಿಸಿದೆ.

ಅವರು ಕಾದರು. 

"ತೆಗೆದವರು ಯಾರು?"

"ನಾನು."

ಬೈಯುತ್ತಾರೆ, ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂದುಕೊಂಡೆ. ಅವರು ಪುಸ್ತಕವನ್ನು ಮುಚ್ಚಿ ಮೇಜಿನ ಅಂಚಿಗೆ ಸರಿಸಿದರು. "ಹಾಲು ಕುಡಿದವನು ನಾನು," ಎಂದರು. "ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ."

ವಾರ್ಷಿಕೋತ್ಸವಕ್ಕೆ ಅವರು ಹೋಗಲಿಲ್ಲ. ಮತ್ತೆಂದೂ ಏನನ್ನೂ ಓದಲು ನನ್ನನ್ನು ಕರೆಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ನಮಸ್ಕಾರ ಹೇಳುತ್ತಿದ್ದರು. ಆ ಸೌಜನ್ಯ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

ಅದಾದ ಎರಡನೇ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಗೆ ಊರೇ ಬಂದಿತ್ತು. ಪಾದ್ರಿ ಅವರ ನಲವತ್ತು ವರ್ಷದ ಸೇವೆಯನ್ನೂ ಊರಿನ ಚರಿತ್ರೆ ಬರೆದುಕೊಟ್ಟದ್ದನ್ನೂ ನೆನೆದರು. ಕೊನೆಯಲ್ಲಿ ಯಾರಾದರೂ ಎರಡು ಮಾತು ಹೇಳುವಿರಾ ಎಂದು ಕೇಳಿದರು. ಅಧ್ಯಕ್ಷೆ ಎದ್ದು ಮಾತಾಡಿದರು. ನಾನು ಹಿಂದಿನ ಬೆಂಚಿನಲ್ಲಿ, ಮಡಿಲಲ್ಲಿ ಕೋಟು ಇಟ್ಟುಕೊಂಡು ಕೂತೇ ಇದ್ದೆ.