ಕೊನೆಗೆ ಒತ್ತಿದ ಬೆರಳು

ಮುಚ್ಚಿಕೊಳ್ಳುತ್ತಿರುವ ಲಿಫ್ಟಿನ ಬಾಗಿಲಿಗೆ ಅವರು ಬೇಕೆಂದೇ ಎಡಗೈ ಒಡ್ಡುತ್ತಿದ್ದರು. ಬಾಗಿಲು ಕೈಯನ್ನು ಕಂಡು ಹಿಂದೆ ಸರಿಯುತ್ತದೋ ಇಲ್ಲವೋ ನೋಡಬೇಕು, ಅಷ್ಟೇ. ನೈರೋಬಿಯ ಲಿಫ್ಟುಗಳಿಗೆಲ್ಲ ಹೀಗೆ ಕೈ ಒಡ್ಡಿ ಒಡ್ಡಿ ಆ ಮಣಿಕಟ್ಟಿನ ಮೇಲೆ ಕೂದಲೇ ಬೆಳೆಯದ ನುಣುಪಾದ ಒಂದು ಪಟ್ಟಿ ಬಿದ್ದಿತ್ತು. ಗಡಿಯಾರವನ್ನು ಬಲಗೈಗೆ ಕಟ್ಟುತ್ತಿದ್ದರು. ಹರ್ಲಿಂಗ್‌ಹ್ಯಾಮ್‌ನ ಫ್ಲಾಟಿಗೆ ನಾವು ಸಾಮಾನು ಸಾಗಿಸಿದ ದಿನ, ಕುಕ್ಕರು ಬಾಣಲೆ ತುಂಬಿದ ಪೆಟ್ಟಿಗೆ ಹಿಡಿದು ಲಿಫ್ಟಿನಲ್ಲಿ ನಿಂತಿದ್ದೆ. ಬಾಗಿಲ ಸಂದಿಯಿಂದ ಬರೀ ಒಂದು ಕೈ ಒಳಗೆ ಬಂತು. "ಅಯ್ಯಯ್ಯೋ ಅಮ್ಮಾ" ಎಂದು ಕಿರುಚಿಬಿಟ್ಟೆ. ಬಾಗಿಲು ತೆರೆದುಕೊಂಡಿತು. ಹೊರಗೆ ನಿಂತಿದ್ದ ಅರವತ್ತರ ಆಸುಪಾಸಿನ ಮನುಷ್ಯ, "ಓ, ಕನ್ನಡದವರು! ಹೆದರ್ಕೋಬೇಡಿ ಅಮ್ಮಾ, ಬಾಗಿಲು ಸರಿಯಾಗಿದೆ" ಎಂದರು. ನನ್ನ ಎದೆ ಸರಿಯಾಗಲು ಸಂಜೆಯಾಯಿತು.

ಇಲ್ಲಿನ ಕನ್ನಡದವರಿಗೆಲ್ಲ ಅವರು ಲಿಫ್ಟ್ ಸಾರ್. ಮೈಸೂರಿನವರು, ಇಂಜಿನಿಯರು, ಲಿಫ್ಟುಗಳನ್ನು ಜೋಡಿಸಿ ನೋಡಿಕೊಳ್ಳುವ ಸ್ವಂತ ಕಂಪನಿ ಇಟ್ಟುಕೊಂಡು ಇಲ್ಲೇ ನೆಲೆಯಾದವರು. ನಾನು ಬೆಂಗಳೂರಿನಿಂದ ಬ್ಯಾಂಕಿನ ಕಾನೂನು ವಿಭಾಗಕ್ಕೆ ಎರಡು ವರ್ಷಕ್ಕೆಂದು ಬಂದು ಬೇರುಬಿಟ್ಟವಳು. ನಮ್ಮ ಮೇಲಿನ ಮನೆಯಲ್ಲಿ ಅವರು, ಅವರ ಹೆಂಡತಿ ಇಬ್ಬರೇ. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿದರಷ್ಟೇ ಕೋಡುಬಳೆಯ ಡಬ್ಬಿ ತೆರೆಯುತ್ತಿತ್ತು. ಗಂಡನ ಹುಚ್ಚನ್ನು ಅಣಕಿಸುವುದರಲ್ಲೂ ಎತ್ತಿದ ಕೈ. "ಇವ್ರು ಯಮನ ಮನೆ ಬಾಗಿಲಿಗೂ ಒಂದ್ಸಲ ಕೈ ಅಡ್ಡ ಇಟ್ಟು ನೋಡ್ದೆ ಒಳಗೆ ಹೋಗಲ್ಲ" ಎನ್ನುತ್ತಿದ್ದರು. ಲಿಫ್ಟ್ ಸಾರ್ ನಗುತ್ತಾ ಕಾಫಿ ಹೀರುತ್ತಿದ್ದರು.

ಅವರು ಎಂಥವರೆಂದು ನನಗೆ ತಿಳಿದದ್ದು ನಗರದ ನಡುವೆ ಇರುವ ನಮ್ಮ ಬ್ಯಾಂಕಿನ ಕಟ್ಟಡದಲ್ಲಿ. ಕಸ ಗುಡಿಸುವ ಹೆಂಗಸೊಬ್ಬಳ ತೋಳು ಲಿಫ್ಟಿನ ಬಾಗಿಲಿಗೆ ಸಿಕ್ಕಿ ಬಾತುಕೊಂಡಿತು. ಕಟ್ಟಡದ ಮ್ಯಾನೇಜರು ಅವಳನ್ನೇ ಗದರಿಸುತ್ತಿದ್ದ, ಮುಚ್ಚುವ ಬಾಗಿಲಿಗೆ ಯಾಕೆ ಕೈ ಹಾಕಿದೆ ಎಂದು. ಆ ಲಿಫ್ಟಿನ ಉಸ್ತುವಾರಿ ಹೊತ್ತಿದ್ದ ಲಿಫ್ಟ್ ಸಾರ್ ಮೊದಲು ಅವಳ ಹತ್ತಿರ ಹೋಗಿ, "ಪೋಲೆ ಸಾನಾ, ಮಾಮಾ" ಎಂದು ಸ್ವಾಹಿಲಿಯಲ್ಲಿ, ಅಮ್ಮಾ ಎಂದು ಕರೆದು, ಕ್ಷಮೆ ಕೇಳಿದರು. ಆಮೇಲೆ ಮ್ಯಾನೇಜರನಿಗೆ ಲಿಫ್ಟಿನ ಬೀಗದ ಕೈ ತೋರಿಸಿ ಜೇಬಿಗೆ ಹಾಕಿಕೊಂಡರು. ಹೊಸ ಸೆನ್ಸರ್ ಬರುವ ತನಕ ಲಿಫ್ಟ್ ಬಂದ್. ಒಂಬತ್ತನೇ ಮಹಡಿಯವರೆಗೆ ಹತ್ತಿ ಹತ್ತಿ ಇಡೀ ಆಫೀಸು ಅವರಿಗೆ ಶಾಪ ಹಾಕಿತು. ನಾನೂ ಬಾಯಿ ತುಂಬ ಹಾಕಿದೆ, ಸಂಜೆ ಅವರ ಮನೆಗೇ ಹೋಗಿ.

"ಬೈಯಮ್ಮಾ, ಬೈದು ಹಗುರ ಮಾಡ್ಕೋ" ಎಂದರು. "ಆದ್ರೆ ನೋಡು, ಮನುಷ್ಯ ಅಂದ್ಮೇಲೆ ಕೈ ಹಾಕ್ತಾನೆ. ಅವನು ಹಾಕ್ತಾನೆ ಅಂತ ಗೊತ್ತಿದ್ದೇ ನಾವು ಬಾಗಿಲು ಮಾಡ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ಕೆಲಸದಲ್ಲಿ ಕೊನೆಗೆ ಒತ್ತಿದೋನ ಹತ್ರ ನಿಲ್ಲಲ್ಲ. ಅವನಿಂದ ಹಿಂದಕ್ಕೆ ಹೋಗ್ತೀವಿ. ನೋಡ್ಕೊಂಡೋನು ಯಾರು, ಜೋಡಿಸಿದೋನು ಯಾರು, ಮಾಡಿದೋನು ಯಾರು."

ಅವರಿಗೆ ಒಬ್ಬ ತಮ್ಮ. ಹದಿನಾಲ್ಕು ವರ್ಷಕ್ಕೆ ಚಿಕ್ಕವನು. ತಾಯಿ ಬೇಗ ಹೋದದ್ದರಿಂದ ಅತ್ತಿಗೆಯ ಕೈಯಲ್ಲೇ ಬೆಳೆದವನು. ಅಕ್ಕನಿಗೆ ಮಕ್ಕಳಿಲ್ಲದ ಕೊರತೆಯನ್ನು ಈ ಮೈದುನನೇ ತುಂಬಿದ್ದ. ಅವನಿಗೆ ನಲವತ್ತೈದಾದರೂ ಇಬ್ಬರಿಗೂ ಅವನು 'ಮರಿ'. ಔಷಧಿ ಆಮದಿನ ವ್ಯಾಪಾರ ಚೆನ್ನಾಗಿ ಕುದುರಿ ನೈರೋಬಿಯ ಸಿರಿವಂತರ ಬಡಾವಣೆ ರುಂಡಾದಲ್ಲಿ ಮನೆ ಮಾಡಿದ್ದ. ಗೇಟಿಗೆ ಕಾವಲುಗಾರ, ಗೋಡೆಯ ಮೇಲೆ ಕರೆಂಟು ತಂತಿ, ಎಲ್ಲ ಇದ್ದೂ ಪಕ್ಕದ ಮನೆಗೆ ಕಳ್ಳರು ನುಗ್ಗಿದ ಮೇಲೆ ಹೆದರಿಹೋದ. ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ಕೊಂಡ. ಅಮೆರಿಕದಲ್ಲಿ ತಯಾರಾದದ್ದು.

ಆ ಭಾನುವಾರ ಅಣ್ಣ ಅತ್ತಿಗೆ ಅವನ ಮನೆಗೆ ಊಟಕ್ಕೆ ಹೋಗಿದ್ದರು. ಊಟ ಮುಗಿದು ಅಕ್ಕ ಸೋಫಾದಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಾ, "ಅದನ್ನ ಮನೇಲಿಟ್ಕೊಂಡು ಅದ್ಹೆಂಗೆ ನಿದ್ದೆ ಮಾಡ್ತೀಯೋ ಮರಿ? ನಂಗಂತೂ ಅದಿರೋ ಮನೇಲಿ ಕೂರಕ್ಕೇ ಭಯ" ಎಂದರಂತೆ. ಅತ್ತಿಗೆಯ ಭಯ ಬಿಡಿಸಲೆಂದೇ ಅವನು ಪಿಸ್ತೂಲನ್ನು ತಂದ. ಗುಂಡು ತುಂಬಿದ ಮ್ಯಾಗಜೀನನ್ನು ಎಳೆದು ಟೀಪಾಯಿಯ ಮೇಲಿಟ್ಟ. "ನೋಡಿ ಅತ್ತಿಗೆ, ಈಗ ಇದು ಬರೀ ಕಬ್ಬಿಣ" ಎಂದು ಟ್ರಿಗರ್ ಒತ್ತಿ ತೋರಿಸಿದ. ಮ್ಯಾಗಜೀನ್ ಹೊರಗೆ ತೆಗೆದರೂ ಮೊದಲೇ ನಳಿಗೆಗೆ ಏರಿದ ಒಂದು ಗುಂಡು ಒಳಗೇ ಉಳಿದಿರುತ್ತದೆಂದು ಅವನಿಗೆ ಹೊಳೆಯಲಿಲ್ಲ. ಅಕ್ಕ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು, ತಲೆಯನ್ನು ಗಂಡನ ತೊಡೆಯ ಮೇಲಿಟ್ಟುಕೊಂಡು. ಕಾರು ಓಡಿಸುತ್ತಿದ್ದವನು ಮೈದುನನೇ.

ಕೇಸಾಯಿತು. ಇಲ್ಲಿಯ ವಕೀಲ, ಆಕಸ್ಮಿಕ ಎಂದು ವಾದಿಸೋಣ ಎಂದ. ಲಿಫ್ಟ್ ಸಾರ್ ಒಪ್ಪಲಿಲ್ಲ. ಸುಳ್ಳು ರಿಪೋರ್ಟಿಗೆ ಒಮ್ಮೆಯೂ ಸಹಿ ಹಾಕದ ಮನುಷ್ಯ. "ಅಜಾಗರೂಕತೆ ನಿಂದು ಮರಿ, ಒಪ್ಕೊಂಬಿಡು. ಒಪ್ಕೊಂಡ್ರೆ ನ್ಯಾಯಾಧೀಶರೂ ಕನಿಕರ ತೋರಿಸ್ತಾರೆ" ಎಂದು ತಾವೇ ಪಕ್ಕದಲ್ಲಿ ನಿಂತು ತಪ್ಪೊಪ್ಪಿಗೆ ಕೊಡಿಸಿದರು. ಸತ್ತವಳ ಗಂಡನೇ ಕೈಮುಗಿದು ಕೇಳಿಕೊಂಡದ್ದರಿಂದ ಅವನಿಗೆ ಜೈಲಾಗಲಿಲ್ಲ. ಅಪರಾಧಿ ಎಂಬ ಹಣೆಪಟ್ಟಿ ಮಾತ್ರ ಉಳಿಯಿತು.

ಆಮೇಲೆ ಮೇಲಿನ ಮನೆಗೆ ಹೋಗುವುದೇ ನನಗೆ ಹಿಂಸೆಯಾಗುತ್ತಿತ್ತು. ಟಕ್ಕೆಂಬ ಯಾವ ಸದ್ದನ್ನೂ ಲಿಫ್ಟ್ ಸಾರ್ ತಡೆಯಲಾರರು. ಗ್ಯಾಸ್ ಲೈಟರನ್ನು ಎಸೆದು ಬೆಂಕಿಪೊಟ್ಟಣ ತಂದಿಟ್ಟರು. ಒಮ್ಮೆ ನಾನು ಮಾತಾಡುತ್ತಾ ಬಾಲ್‌ಪೆನ್ನಿನ ತುದಿ ಒತ್ತಿದೆ, ಅಷ್ಟೇ. ಅವರ ಮುಖ ಸುಣ್ಣದ ಹಾಗಾಯಿತು. ಸೋಫಾದ ಖಾಲಿ ತುದಿಯನ್ನೇ ನೋಡುತ್ತಾ ಕೂತುಬಿಟ್ಟರು, ಅಲ್ಲಿ ಯಾರೋ ಅರ್ಧ ಸುಲಿದ ಹಣ್ಣು ಹಿಡಿದು ಕೂತಿರುವ ಹಾಗೆ. ಅಂದಿನಿಂದ ಪೆನ್ನನ್ನು ಮನೆಯಲ್ಲೇ ಬಿಟ್ಟು ಮೇಲೆ ಹೋಗುತ್ತಿದ್ದೆ.

ಭಾನುವಾರಗಳಂದು ತಮ್ಮ ಬರುತ್ತಿದ್ದ. ಅಣ್ಣ ಬಡಿಸುತ್ತಿದ್ದರು. ಅವನು ಬಲಗೈಯ ತೋರುಬೆರಳನ್ನು ಮುಷ್ಟಿಯೊಳಗೆ ಮಡಿಸಿಟ್ಟು, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದ. ಅತ್ತಿಗೆ ತುತ್ತು ಕಲಿಸಿದ ಕೈಯನ್ನು ಅವನು ತಟ್ಟೆಗೇ ತರುತ್ತಿರಲಿಲ್ಲ.

"ಸಾರನ್ನಾನ ಚಮಚದಲ್ಲಿ ಉಣ್ತಾನೆ ಕಣಮ್ಮಾ" ಎಂದು ಒಂದು ದಿನ ಲಿಫ್ಟ್ ಸಾರ್ ನನ್ನೆದುರು ಬಿಕ್ಕಿದರು. "ಹೋದೋಳು ಹೋದ್ಳು. ಇವನು ನನ್ನ ಕಣ್ಣೆದುರಿಗೇ ಹೋಗ್ತಿದಾನೆ. ನಾನು ಕ್ಷಮಿಸಿದೀನಿ ಅಂದ್ರೆ ತಲೆ ಅಲ್ಲಾಡಿಸ್ತಾನೆ. ನನ್ನ ಕ್ಷಮೆ ತಗೊಂಡು ಅವನೇನು ಮಾಡ್ಲಿ?"

ಆಗಲೇ ಅವರು ಪಿಸ್ತೂಲಿನ ಒಂದು ಭಾಗದ ವಿಷಯ ಹೇಳಿದ್ದು. ಬಂದೂಕು ತಿಳಿದವರನ್ನು ಕೇಳಿ, ಓದಿ, ತಿಳಿದುಕೊಂಡಿದ್ದರು. ಕೆಲವು ಪಿಸ್ತೂಲುಗಳಲ್ಲಿ ಒಂದು ಚಿಕ್ಕ ಭಾಗವಿರುತ್ತದಂತೆ. ಮ್ಯಾಗಜೀನ್ ಹೊರಗೆ ಬಂದರೆ ಟ್ರಿಗರ್ ಒತ್ತಿದರೂ ಗುಂಡು ಹಾರುವುದಿಲ್ಲ. ಇದನ್ನು ತಯಾರಿಸಿದವರು ಅದನ್ನು ಹಾಕಿರಲಿಲ್ಲ. "ಮ್ಯಾಗಜೀನ್ ತೆಗೆದೋನು ಖಾಲಿ ಅನ್ಕೊಳ್ತಾನೆ ಅಂತ ಅವರಿಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೋರು ಹಾಕಿದಾರಲ್ಲ! ನೀನು ವಕೀಲೆ. ಅವರ ಮೇಲೆ ಅವರ ದೇಶದಲ್ಲೇ ದಾವೆ ಹಾಕಕ್ಕಾಗುತ್ತಾ ಕೇಳಮ್ಮಾ. ಒಂದು ಕಾಸೂ ಬೇಡ ನಂಗೆ. ಹೀಗೆ ಮಾಡ್ಬಾರದಿತ್ತು, ನಮ್ದೂ ತಪ್ಪಿದೆ ಅಂತ ಒಂದು ಮಾತು ಬೇಕು. ಅದನ್ನ ಮರಿಗೆ ತೋರಿಸ್ಬೇಕು."

ನನ್ನ ಜೊತೆ ಓದಿದ ಗೆಳತಿಯೊಬ್ಬಳು ಅಮೆರಿಕದಲ್ಲಿ ವಕೀಲೆ. ಫೋನಿನಲ್ಲಿ ಎಲ್ಲ ಹೇಳಿದೆ. ಅಲ್ಲಿ ಒಂದು ಕಾಯ್ದೆ ಇದೆ ಎಂದಳು. ಬಂದೂಕನ್ನು ಇನ್ನೊಬ್ಬರು ತಪ್ಪಾಗಿ ಬಳಸಿ ಅನಾಹುತವಾದರೆ, ತಯಾರಿಸಿದವರ ಮೇಲಾಗಲಿ ಮಾರಿದವರ ಮೇಲಾಗಲಿ ದಾವೆ ಹಾಕುವಂತಿಲ್ಲ. ನನಗೆ ನಂಬಲಾಗಲಿಲ್ಲ. ಕುಕ್ಕರು ಸಿಡಿದರೆ ಕುಕ್ಕರಿನವರನ್ನು ಕೇಳಬಹುದು, ಏಣಿ ಮುರಿದರೆ ಏಣಿಯವರನ್ನು ಕೇಳಬಹುದು, ಕೊಲ್ಲಲೆಂದೇ ಮಾಡಿದ ವಸ್ತುವಿಗೆ ಮಾತ್ರ ಸಂಸತ್ತೇ ಕೊಡೆ ಹಿಡಿಯುವುದೆ? "ವಸ್ತುವಿನ ತಯಾರಿಕೆಯಲ್ಲೇ ದೋಷ ಇದ್ರೆ?" ಎಂದು ಕೇಳಿದೆ.

"ಅದಕ್ಕೊಂದು ವಿನಾಯಿತಿ ಇದೆ ಕಣೇ. ಆದ್ರೆ ಒತ್ತಿದೋನು ಬೇಕಂತ್ಲೇ ಒತ್ತಿ, ಒತ್ತಿದ್ದೇ ಅಪರಾಧ ಆಗಿದ್ರೆ, ಸಾವಿಗೆ ಅದೊಂದೇ ಕಾರಣ ಅಂತ ಕಾಯ್ದೆ ಹೇಳುತ್ತೆ. ಆಗ ವಿನಾಯಿತಿನೂ ಸಿಗಲ್ಲ. ಇವ್ರಿಗೆ ಶಿಕ್ಷೆ ಏನಾದ್ರೂ ಆಯ್ತಾ?"

"ತಪ್ಪೊಪ್ಪಿಕೊಂಡ್ರು."

"ಹಂಗಾದ್ರೆ ಅವರ ವಕೀಲರು ಮೊದಲು ಎತ್ತೋದೇ ಅದನ್ನ. ಮುಗೀತು ಕಣೇ" ಎಂದಳು. ನೈರೋಬಿಯಲ್ಲೇ ದಾವೆ ಹಾಕೋಣವೆಂದರೆ ಆ ಕಂಪನಿಗೆ ಇಲ್ಲಿ ಕಚೇರಿಯ ಒಂದು ಬಾಗಿಲು ಕೂಡ ಇಲ್ಲ.

ಹೇಳಲೇಬೇಕಿತ್ತು, ಹೇಳಿದೆ. ಲಿಫ್ಟ್ ಸಾರ್ ಕಾಯ್ದೆಯ ಆ ಮಾತನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿಕೊಂಡರು. "ಅದೊಂದೇ ಕಾರಣ" ಎಂದೆ.

"ಹಿಂದಕ್ಕೆ ಹೋಗೋ ಹಾಗಿಲ್ವಾ?"

"ಇಲ್ಲ ಸಾರ್. ಒತ್ತಿದವರ ಹತ್ರಾನೇ ನಿಲ್ಲುತ್ತೆ."

"ಒಪ್ಕೋ ಅಂದಿದ್ದು ನಾನು" ಎಂದರು. ಬಹಳ ಹೊತ್ತು ಅದೊಂದನ್ನೇ ಹೇಳುತ್ತಿದ್ದರು. ಅವನು ಜೈಲಿಗೆ ಹೋಗಬಾರದೆಂದು, ಸತ್ಯವೂ ಉಳಿಯಲೆಂದು ಕೊಡಿಸಿದ ಒಪ್ಪಿಗೆ, ಸಮುದ್ರದಾಚೆ ಎಲ್ಲೋ ಇರುವ ಕಾರ್ಖಾನೆಯನ್ನು ತೊಳೆದು ಶುಭ್ರ ಮಾಡಿ, ಇಡೀ ಸಾವನ್ನು ಅವರು ಸಾಕಿದ ಹುಡುಗನ ಒಂದು ಬೆರಳಿನ ಮೇಲೆ ಇಟ್ಟುಬಿಟ್ಟಿತ್ತು. ಆ ಕಾಯ್ದೆಯ ಮೇಲೆ ನನಗೆ ಈಗಲೂ ಸಿಟ್ಟು ಇಳಿದಿಲ್ಲ. ಬರೆದವರು ಚೆನ್ನಾಗಿ ಓದಿಕೊಂಡವರೇ ಇರಬೇಕು. ಎಲ್ಲಿ ನಿಲ್ಲಿಸಿದರೆ ಯಾರಿಗೆ ಅನುಕೂಲವೆಂದು ಅವರಿಗೆ ಗೊತ್ತಿತ್ತು.

ಮುಂದಿನ ಭಾನುವಾರ ನನ್ನನ್ನೂ ಊಟಕ್ಕೆ ಕರೆದರು. ತಟ್ಟೆಯ ಮುಂದೆ ತಮ್ಮ ಕೂತಿದ್ದ. ಲಿಫ್ಟ್ ಸಾರ್ ಕುಕ್ಕರಿನ ಮುಚ್ಚಳ ತೆಗೆಯುತ್ತಾ, ಹವಾಮಾನದ ಸುದ್ದಿ ಹೇಳುವವರಂತೆ ಹೇಳಿದರು: "ಮರಿ, ಮೇಡಂ ಅಮೆರಿಕದಲ್ಲಿ ವಿಚಾರಿಸಿದ್ರು. ಕಂಪನಿಯವರು ಒಪ್ಕೊಂಡ್ರಂತೆ. ಆ ಭಾಗ ಹಾಕ್ಬೇಕಿತ್ತಂತೆ, ಹಾಕಿದ್ರೆ ಹೀಗಾಗ್ತಿರ್ಲಿಲ್ವಂತೆ. ದುಡ್ಡು ಗಿಡ್ಡು ನಮಗೆ ಬೇಡ ಅಂತ ಹೇಳ್ಸಿದೀನಿ."

ನಾನು ನೀರಿನ ಲೋಟಕ್ಕೆ ಕೈ ಹಾಕಿದೆ. ತಮ್ಮ ಎದ್ದು ಹೋಗಿ ಕೈ ತೊಳೆದು ಬಂದ. ಚಮಚವನ್ನು ಪಕ್ಕಕ್ಕಿಟ್ಟು ಬಲಗೈಯ ಐದೂ ಬೆರಳಿನಿಂದ ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟ. ಅಣ್ಣ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಮುಖ ತೊಳೆದರು.

ಕೆಳಗೆ ಇಳಿಯುವಾಗ, ಕಳಿಸಲು ಬಂದ ಲಿಫ್ಟ್ ಸಾರ್ ಜೊತೆ ಜಗಳ ತೆಗೆದೆ. "ನನ್ನ ಹೆಸರಲ್ಲಿ ಸುಳ್ಳು ಹೇಳಿದ್ರಲ್ಲ ಸಾರ್, ನಾಳೆ ನನ್ನನ್ನೇ ಕೇಳಿದ್ರೆ?"

"ಹೌದು ಅಂತ ಹೇಳಮ್ಮಾ. ಅಷ್ಟು ಮಾಡು ನಂಗೆ" ಎಂದರು. ಸುಳ್ಳಿಗೆ ಸಹಿ ಹಾಕದ ಆ ಮನುಷ್ಯ ನನ್ನ ಸಹಿ ಬೇಡುತ್ತಿದ್ದರು.

ಎರಡು ವರ್ಷ ಪ್ರತಿ ಭಾನುವಾರ ಅಣ್ಣತಮ್ಮಂದಿರು ಎದುರುಬದುರು ಕೂತು ಉಂಡರು. ಲಿಫ್ಟ್ ಸಾರ್ ಮುಖಕ್ಕೆ ಸ್ವಲ್ಪ ಗೆಲುವು ಬಂತು. ಗ್ಯಾಸ್ ಲೈಟರು ಮಾತ್ರ ಮತ್ತೆ ಬರಲಿಲ್ಲ. ಆಮೇಲೊಂದು ಬೆಳಗ್ಗೆ ಹಾಲು ತರಲು ಇಳಿದವರು ಗೇಟಿನ ಬಳಿ ಎದೆ ಹಿಡಿದು ಕೂತರು, ಏಳಲಿಲ್ಲ. ಅವರಿಂದ ನನಗೆ ಉಳಿದದ್ದು ಹಿಂದಕ್ಕೆ ಹೋಗುವ ಅಭ್ಯಾಸ. ಬ್ಯಾಂಕಿನಲ್ಲಿ ಗುಮಾಸ್ತನೊಬ್ಬ ತಪ್ಪು ಮಾಡಿ ತಲೆ ತಗ್ಗಿಸಿ ನಿಂತಾಗ, ಅವನನ್ನು ಬಿಟ್ಟು ಅವನ ಹಿಂದೆ ಯಾರಿದ್ದಾರೆಂದು ಹುಡುಕುತ್ತೇನೆ. ಮೇಲಿನವರಿಗೆ ಇದು ಇಷ್ಟವಾಗುವುದಿಲ್ಲ. ಆಗದಿದ್ದರೆ ಬಿಡಲಿ.

ವೈಕುಂಠ ಸಮಾರಾಧನೆಯ ದಿನ ತಮ್ಮ ಎಲ್ಲರಿಗೂ ತಾನೇ ಬಡಿಸಿದ. ಕೊನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು, ಅಡುಗೆಯವರನ್ನು ಕರೆದು ಒಂದು ಚಮಚ ಕೇಳಿದ. ನಾನು ಎದ್ದು ಹೊರಗೆ ಹೋದೆ. ಊಟ ಮುಗಿಸಿ ಅವನೂ ಬಂದ.

"ಮೇಡಂ, ಒಂದು ಮಾತು. ಆ ಕಂಪನಿಯವರು ಒಪ್ಕೊಂಡಿದ್ದು ನಿಜಾನಾ?"

ವೃತ್ತಿಯುದ್ದಕ್ಕೂ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವಳು ನಾನು. ಅಂಗಳದ ಚಪ್ಪಲಿಗಳನ್ನು ನೋಡುತ್ತಾ, "ನಿಜ. ಒಪ್ಕೊಂಡ್ರು" ಎಂದೆ.

ಅವನು ತಲೆಯಾಡಿಸಿದ. "ಅಣ್ಣಾನೂ ಹೀಗೇ ಹೇಳಿದ್ದ ಮೇಡಂ" ಎಂದ. "ನನ್ನ ಮುಖ ನೋಡದೇನೇ."